ಮಿಲ್ಟ್ರಿ ಭರ್ತಿ: ಓಟ ಆಮೇಲೆ, ಮೊದಲು ಬೇರೆ ಕೆಲಸ ಇದೆ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಯಾವ ಊರಿಗೇ ಹೋಗಿ, ಬೆಳಗಿನ ಜಾವ ರಸ್ತೆ ಮೇಲೆ ಓಡುವ ನಾಲ್ಕು ಹುಡುಗರು ಸಿಕ್ಕೇ ಸಿಗುತ್ತಾರೆ. ‘ಏನ್ರಪ್ಪಾ, ಭರ್ತಿಗೆ ತಯಾರಿ ನಡಸೀರೇನು?’ ಅಂದರೆ ‘ಹೌದ್ರಿ’ ಅನ್ನುತ್ತಾರೆ. ‘ಪರೀಕ್ಷೆಗೆ ಏನು ಓದೀರಿ?’ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಓಟ ಹೊಡೆದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಅನ್ನೋ ನಂಬಿಕೆ ಇನ್ನೂ ಹೋಗಿಲ್ಲ. 2023ಕ್ಕಿಂತ ಮುಂಚೆ ಅದು ಅರ್ಧ ಸರಿ ಇತ್ತು. ಈಗ ಅಲ್ಲ.

2023ರಿಂದ ಸೇನೆಯ ಆಯ್ಕೆಯ ಕ್ರಮ ಹೀಗಿದೆ: ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಗ್ರೌಂಡ್ (ಓಟ ಮುಂತಾದ ಮೈಕಸುವಿನ ಪರೀಕ್ಷೆ), ಆಮೇಲೆ ಕಾಗದಪತ್ರ, ಕೊನೆಗೆ ಮೆಡಿಕಲ್. ತಯಾರಿಯನ್ನು ಮಾತ್ರ ಇದರ ಉಲ್ಟಾ ಶುರು ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಒಂದು ಮೂಲ ವಿಷಯ. ನಮ್ಮ ದೇಶದಲ್ಲಿ ಸೇನೆ ಸೇರುವುದು ಕಡ್ಡಾಯ ಅಲ್ಲ. ದಕ್ಷಿಣ ಕೊರಿಯಾದಲ್ಲಿ, ಇಸ್ರೇಲಿನಲ್ಲಿ ವಯಸ್ಸಿಗೆ ಬಂದ ಹುಡುಗ ಸೇವೆ ಮಾಡಲೇಬೇಕು. ಇಲ್ಲಿ ಹಾಗಿಲ್ಲ. ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಲು ಸಂವಿಧಾನದ 23ನೇ ವಿಧಿ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಆದರೂ ಸ್ವತಂತ್ರ ಭಾರತ ಯಾರನ್ನೂ ಒತ್ತಾಯದಿಂದ ಸಿಪಾಯಿ ಮಾಡಿಲ್ಲ. ಬ್ರಿಟಿಷರ ಕಾಲದಲ್ಲೂ ಭಾರತೀಯರನ್ನು ಸೇನೆಗೆ ಸೇರಿಸಲು ಕಡ್ಡಾಯದ ಕಾನೂನು ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ 25 ಲಕ್ಷ ಜನ ಇದ್ದರು, ಅವರೆಲ್ಲ ತಾವಾಗಿ ಹೆಸರು ಕೊಟ್ಟವರು. ಅವರಲ್ಲಿ ಎಷ್ಟು ಜನರನ್ನು ದೇಶಪ್ರೇಮ ಕಳಿಸಿತ್ತು, ಎಷ್ಟು ಜನರನ್ನು ಹೊಟ್ಟೆಪಾಡು ಕಳಿಸಿತ್ತು ಅನ್ನೋದು ಬೇರೆ ಮಾತು.

ಇದರ ಪರಿಣಾಮ ಏನೆಂದರೆ, ಸೇನೆ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ನೀವೇ ಹೋಗಬೇಕು. ಹೋಗುವವರು ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಸೇನೆ ಸೋಸಿ ಸೋಸಿ ಆರಿಸುತ್ತದೆ. ಸಣ್ಣ ಕೊರತೆಗೂ ‘ಇಲ್ಲ’ ಅನ್ನೋದಕ್ಕೆ ಅದಕ್ಕೆ ಯಾವ ಸಂಕೋಚವೂ ಇಲ್ಲ.

ಯಾವ ಕಚೇರಿ?

ಬೆಳಗಾವಿಯ ಕ್ಯಾಂಪ್ ಕಡೆ ಹೋದವರಿಗೆ ಮರಾಠಾ ಲಘು ಪದಾತಿ ದಳದ ಕೇಂದ್ರ ಗೊತ್ತು. 1768ರಲ್ಲಿ ಶುರುವಾದ ರೆಜಿಮೆಂಟ್ ಇದು. ಆ ಗೇಟಿನ ಮುಂದೆ ನಿಂತು ‘ಭರ್ತಿ ಯಾವಾಗ್ರೀ?’ ಅಂತ ಕೇಳುವವರು ಈಗಲೂ ಇದ್ದಾರೆ. ಆದರೆ ಆ ಕೇಂದ್ರದ ಕೆಲಸ ಮುಖ್ಯವಾಗಿ ತರಬೇತಿ. ಸಾಮಾನ್ಯ ಭರ್ತಿ ನಡೆಸುವುದು ಸೇನಾ ನೇಮಕಾತಿ ಕಚೇರಿ, ಎಲ್ಲರೂ ಎ.ಆರ್.ಒ. ಅನ್ನುತ್ತಾರೆ. ರೆಜಿಮೆಂಟಿನ ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಮತ್ತು ತಮ್ಮಂದಿರಿಗೆ ಕೇಂದ್ರದಲ್ಲೇ ಪ್ರತ್ಯೇಕ ಭರ್ತಿ ನಡೆಯುವುದುಂಟು. ಮನೆಯಲ್ಲಿ ಹಾಗೆ ಯಾರಾದರೂ ಇದ್ದರೆ ಅದನ್ನು ವಿಚಾರಿಸಿ.

ಇಲ್ಲಿ ನಮ್ಮ ಭಾಗದವರು ಎಡವುವ ಒಂದು ವಿಷಯ ಇದೆ. ಬೆಳಗಾವಿ ಎ.ಆರ್.ಒ. ವ್ಯಾಪ್ತಿಗೆ ಬರುವುದು ಬೆಳಗಾವಿ, ಬೀದರ್, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ. ವಿಜಯಪುರ, ಬಾಗಲಕೋಟೆ ಎರಡೂ ಬರುವುದು ಮಂಗಳೂರು ಎ.ಆರ್.ಒ.ಗೆ! ಅಥಣಿಯ ಹುಡುಗ ಬೆಳಗಾವಿ ಕಚೇರಿಗೆ ಸೇರುತ್ತಾನೆ, ಪಕ್ಕದ ತಿಕೋಟಾದ ಹುಡುಗ ಮಂಗಳೂರು ಕಚೇರಿಗೆ. ಜಮಖಂಡಿಯವನಿಗೆ ಬೆಳಗಾವಿ ಎಷ್ಟೇ ಹತ್ತಿರ ಇದ್ದರೂ ಅಲ್ಲಿ ಅರ್ಜಿ ಹಾಕುವಂತಿಲ್ಲ. ನಿಮ್ಮ ವಾಸಸ್ಥಳ ಪ್ರಮಾಣಪತ್ರದಲ್ಲಿ ಯಾವ ಜಿಲ್ಲೆ ಇದೆಯೋ ಅದೇ ಲೆಕ್ಕ. ಹಾಗಂತ ರ‍್ಯಾಲಿಗೆ (ಗ್ರೌಂಡ್, ಮೆಡಿಕಲ್ ನಡೆಯುವ ಕೂಟಕ್ಕೆ) ಮಂಗಳೂರಿಗೇ ಹೋಗಬೇಕು ಅಂತೇನಿಲ್ಲ, ಆ ವ್ಯಾಪ್ತಿಯ ಯಾವ ಜಿಲ್ಲೆಯಲ್ಲಾದರೂ ಇಡುತ್ತಾರೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಅಧಿಸೂಚನೆಯಲ್ಲಿ ನಿಮ್ಮ ಜಿಲ್ಲೆ ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಸಾಂಬ್ರಾದ ವಿಚಾರವೂ ಹೀಗೇ. ಅಲ್ಲಿ ವಾಯುಸೇನೆಯ ತರಬೇತಿ ಶಾಲೆ ಇದೆ, ನಾಲ್ಕು ವರ್ಷಕ್ಕೆ ವಾಯುಸೇನೆ ಸೇರುವ ಅಗ್ನಿವೀರವಾಯುಗಳು ಅಲ್ಲಿ ತಯಾರಾಗುತ್ತಾರೆ. ಆದರೆ ವಾಯುಸೇನೆಗೆ, ನೌಕಾಸೇನೆಗೆ ಅರ್ಜಿ, ಪರೀಕ್ಷೆ ಎಲ್ಲ ಪ್ರತ್ಯೇಕ. ಅಧಿಕಾರಿ ಆಗಬೇಕು ಅನ್ನುವವರ ದಾರಿಯೂ ಬೇರೆ: ಎನ್.ಡಿ.ಎ., ಸಿ.ಡಿ.ಎಸ್. ಪರೀಕ್ಷೆ, ಆಮೇಲೆ ಎಸ್.ಎಸ್.ಬಿ. ಸಂದರ್ಶನ. ವಿಜಯಪುರದಲ್ಲಿ 1963ರಿಂದ ಇರುವ ಸೈನಿಕ ಶಾಲೆ, ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ ಎರಡೂ ಮಕ್ಕಳನ್ನು ತಯಾರು ಮಾಡುವುದು ಆ ದಾರಿಗೆ. ಇಲ್ಲಿ ನಾನು ಹೇಳುತ್ತಿರುವುದು ಸಿಪಾಯಿ ಭರ್ತಿಯ ಬಗ್ಗೆ ಮಾತ್ರ.

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾಯಿತು. ಅಲ್ಲಿಂದ ಈಚೆಗೆ ಸಿಪಾಯಿ ಆಗಿ ಸೇರುವ ಬಹುತೇಕ ಎಲ್ಲರೂ ಮೊದಲು ಅಗ್ನಿವೀರರು. ನಾಲ್ಕು ವರ್ಷದ ಸೇವೆ. ಯೋಜನೆ ಬಂದಾಗ ಇಟ್ಟ ವಯಸ್ಸು 17½ರಿಂದ 21. ಕೊರೊನಾದಿಂದ ಭರ್ತಿ ನಿಂತಿದ್ದಕ್ಕೆ ಆ ಒಂದು ವರ್ಷ ಮಾತ್ರ 23ರವರೆಗೆ ಬಿಟ್ಟರು. ಅಧಿಸೂಚನೆಯಲ್ಲಿ ‘ಈ ದಿನದಿಂದ ಈ ದಿನದೊಳಗೆ ಹುಟ್ಟಿದವರು’ ಅಂತ ಬರೆದಿರುತ್ತದೆ. ಒಂದು ದಿನ ಆಚೀಚೆ ಆದರೂ ಕಂಪ್ಯೂಟರ್ ಅರ್ಜಿ ತೆಗೆದುಕೊಳ್ಳುವುದಿಲ್ಲ. ಮದುವೆಯಾಗಿರಬಾರದು, ಆ ನಾಲ್ಕು ವರ್ಷ ಆಗುವಂತೆಯೂ ಇಲ್ಲ. ಮನೆಯವರು ಸೋದರಮಾವನ ಮಗಳ ಮಾತು ಮುಗಿಸಿಟ್ಟಿದ್ದರೆ ಕಾಯಲು ಹೇಳಿ.

ಜಾಸ್ತಿ ಜನ ಹೋಗುವುದು ಜನರಲ್ ಡ್ಯೂಟಿಗೆ, ಅಂದರೆ ಜಿ.ಡಿ.ಗೆ. ಅದಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 45 ಪರ್ಸೆಂಟ್, ಪ್ರತಿ ವಿಷಯದಲ್ಲಿ 33 ಬೇಕು. ಕ್ಲರ್ಕ್ ಮತ್ತು ಸ್ಟೋರ್‌ಕೀಪರ್ ಹುದ್ದೆಗೆ ಪಿಯುಸಿಯಲ್ಲಿ 60 ಪರ್ಸೆಂಟ್ ಬೇಕು, ಟೈಪಿಂಗ್ ಪರೀಕ್ಷೆಯೂ ಇದೆ. ಟೆಕ್ನಿಕಲ್‌ಗೆ ಪಿಯುಸಿ ವಿಜ್ಞಾನ, ಇಲ್ಲವೇ ಎಸ್ಸೆಸ್ಸೆಲ್ಸಿ ಜೊತೆ ಐ.ಟಿ.ಐ. ಅಥವಾ ಡಿಪ್ಲೊಮಾ. ಟ್ರೇಡ್ಸ್‌ಮನ್ ಹುದ್ದೆಗಳಲ್ಲಿ ಕೆಲವಕ್ಕೆ ಎಂಟನೇ ಕ್ಲಾಸ್ ಸಾಕು. ಎನ್.ಸಿ.ಸಿ. ಸರ್ಟಿಫಿಕೇಟ್ ಇದ್ದರೆ, ಅಪ್ಪ ಸೈನಿಕನಾಗಿದ್ದರೆ, ರಾಜ್ಯಮಟ್ಟದಲ್ಲಿ ಆಡಿದ್ದರೆ ಬೋನಸ್ ಅಂಕ ಅಥವಾ ಅಳತೆಯಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತದೆ.

ಮೆಡಿಕಲ್ ಕೊನೆಗೆ ಬರುತ್ತದೆ, ಅದಕ್ಕೇ ಮೊದಲು ನೋಡಿಸಿ

ಎರಡು ವರ್ಷ ಬೆಳಗ್ಗೆ ಎದ್ದು ಓಡುತ್ತಾನೆ. ಪರೀಕ್ಷೆ ಪಾಸ್ ಆಗುತ್ತಾನೆ. ಗ್ರೌಂಡ್ ಹೊಡೆಯುತ್ತಾನೆ. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಮುಂದೆ ಹಿಡಿದು ‘ಇದರಲ್ಲಿ ಯಾವ ನಂಬರ್ ಕಾಣುತ್ತದೆ?’ ಅಂತ ಕೇಳುತ್ತಾರೆ. ಅವನಿಗೆ ನಂಬರೇ ಕಾಣುವುದಿಲ್ಲ. ಬಣ್ಣಗುರುಡು ಹುಟ್ಟಿನಿಂದಲೇ ಇತ್ತು, ಯಾರೂ ನೋಡಿಸಿರಲಿಲ್ಲ. ಅದಕ್ಕೆ ಔಷಧಿ ಇಲ್ಲ. ಎರಡು ವರ್ಷದ ದುಡಿತ ಐದು ನಿಮಿಷದಲ್ಲಿ ಮುಗಿಯಿತು. ಇದೇ ಪರೀಕ್ಷೆಯನ್ನು ತಾಲ್ಲೂಕಿನ ಯಾವುದಾದರೂ ಕಣ್ಣಿನ ಡಾಕ್ಟರ್ ಹತ್ತಿರ ಮೊದಲೇ ಮಾಡಿಸಬಹುದಿತ್ತು.

ಹಾಗಾಗಿ ಓಡುವ ಮುಂಚೆ ಒಂದು ದಿನ ಕೂತು ನಿಮ್ಮ ಮೈಯನ್ನು ನೀವೇ ನೋಡಿಕೊಳ್ಳಿ. ಕರ್ನಾಟಕದವರಿಗೆ ಜಿ.ಡಿ.ಗೆ ಎತ್ತರ 166 ಸೆಂ.ಮೀ. ಬೇಕು. ಎದೆ 77 ಸೆಂ.ಮೀ., ಉಸಿರು ಎಳೆದಾಗ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ಕ್ಲರ್ಕ್‌ಗೆ 162 ಎತ್ತರ ಸಾಕು. ಗೋಡೆಗೆ ಬೆನ್ನು ಹಚ್ಚಿ, ಬರಿಗಾಲಲ್ಲಿ ಅಳೆಯಿಸಿ. ಬೂಟು ಹಾಕಿ ಅಳೆದ ಎತ್ತರಕ್ಕೆ ರ‍್ಯಾಲಿಯಲ್ಲಿ ಬೆಲೆ ಇಲ್ಲ.

ಆಮೇಲೆ ಕಾಲು. ನೆಟ್ಟಗೆ ನಿಂತು ಎರಡೂ ಮಂಡಿ ತಾಕಿಸಿ. ಪಾದದ ಒಳಗಿನ ಗಂಟುಗಳ ನಡುವೆ 5 ಸೆಂ.ಮೀ.ಗಿಂತ ಜಾಸ್ತಿ ಜಾಗ ಉಳಿದರೆ ಅದು ನಾಕ್-ನೀ. ಅಂಥವರನ್ನು ತೆಗೆದುಕೊಳ್ಳುವುದಿಲ್ಲ. ಒದ್ದೆ ಕಾಲಲ್ಲಿ ಸಿಮೆಂಟ್ ನೆಲದ ಮೇಲೆ ಹೆಜ್ಜೆ ಇಡಿ. ನಡುವೆ ಬಾಗು ಕಾಣದೆ ಇಡೀ ಪಾದ ಒತ್ತಿದರೆ ಚಪ್ಪಟೆ ಪಾದ ಇರಬಹುದು, ಡಾಕ್ಟರಿಗೆ ತೋರಿಸಿ. ದೂರದ ದೃಷ್ಟಿ 6/6 ಇರಬೇಕು. ಕಾಲಿನ ನರ ಉಬ್ಬಿರುವುದು, ಮೂಲವ್ಯಾಧಿ, ವೃಷಣದಲ್ಲಿ ನೀರು ತುಂಬಿರುವುದು, ಹುಳುಕು ಹಲ್ಲು, ಮೂಗಿನ ಒಳಗಿನ ಗೋಡೆ ಸೊಟ್ಟ ಇರುವುದು, ಇವುಗಳಲ್ಲಿ ಹೆಚ್ಚಿನವಕ್ಕೆ ಮೊದಲೇ ಚಿಕಿತ್ಸೆ ಮಾಡಿಸಿಕೊಳ್ಳಬಹುದು. ಹೇಳಿಕೊಳ್ಳಲು ನಾಚಿಕೆ ಅಂತ ಮುಚ್ಚಿಟ್ಟುಕೊಂಡು ಹೋಗುವವರೇ ಜಾಸ್ತಿ. ಅಲ್ಲಿ ಮುಚ್ಚಿಡಲು ಏನೂ ಉಳಿಯುವುದಿಲ್ಲ, ಅಲ್ವಾ? ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ಸುಮ್ನೆ ಒಂದು ತೊಂದರೆ, ಕ್ಲೀನ್ ಮಾಡಿಸಿಕೊಂಡೇ ಹೋಗಿ.

ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆಯೂ ಕೆಲವರನ್ನು ಹೊರಗೆ ಕಳಿಸಿದೆ. ಮುಂಗೈಯ ಒಳಭಾಗದಲ್ಲಿ ಚಿಕ್ಕದಾಗಿ ದೇವರ ಚಿಹ್ನೆಯೋ ಹೆಸರೋ ಇದ್ದರೆ ನಡೆಯುತ್ತದೆ. ಕುತ್ತಿಗೆ, ಎದೆ, ತೋಳಿನ ಮೇಲೆ ದೊಡ್ಡದಾಗಿ ಇದ್ದರೆ ಕಷ್ಟ. ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿಯಂತೆ ಬೇರೆ ನಿಯಮ ಇದೆ.

ರ‍್ಯಾಲಿಯ ಡಾಕ್ಟರ್ ‘ಅನ್‌ಫಿಟ್’ ಅಂದರೆ ಅಲ್ಲಿಗೇ ಮುಗಿಯಿತು ಅಂತ ತಿಳಿದು ಮನೆಗೆ ಬಂದುಬಿಡಬೇಡಿ. ಮಿಲಿಟರಿ ಆಸ್ಪತ್ರೆಯ ತಜ್ಞರ ಹತ್ತಿರ ಮರುಪರೀಕ್ಷೆ ಕೇಳುವ ಹಕ್ಕು ಇದೆ. ಯಾವ ಆಸ್ಪತ್ರೆ, ಯಾವ ದಿನದೊಳಗೆ ಅಂತ ಅಲ್ಲೇ ಚೀಟಿ ಬರೆದು ಕೊಡುತ್ತಾರೆ. ಆ ದಿನ ತಪ್ಪಿಸಿದರೆ ಹಕ್ಕೂ ಹೋಯಿತು.

ಹೆಸರಿನ ಒಂದು ಅಕ್ಷರ

ಮೆಡಿಕಲ್ ಆದ ಮೇಲೆ ನನ್ನ ಪಟ್ಟಿಯಲ್ಲಿ ಎರಡನೆಯದು ಕಾಗದ. ಯಾವುದೇ ಹಳ್ಳಿಯ ಕಂಪ್ಯೂಟರ್ ಸೆಂಟರಿನಲ್ಲಿ ಅರ್ಜಿ ತುಂಬುವ ಕೊನೆ ವಾರ ಕೂತು ನೋಡಿ. ಹುಡುಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಕೊಡುತ್ತಾನೆ. ಅದರಲ್ಲಿ ಅಪ್ಪನ ಹೆಸರು ‘ಬಸಪ್ಪ’. ಆಧಾರ್‌ನಲ್ಲಿ ‘ಬಸವಣ್ಣೆಪ್ಪ’. ಜಾತಿ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ. ಅವ್ವನ ಹೆಸರು ಒಂದರಲ್ಲಿ ತವರುಮನೆಯದು, ಇನ್ನೊಂದರಲ್ಲಿ ಗಂಡನ ಮನೆಯದು. ನಮ್ಮ ಕಡೆ ಒಬ್ಬ ಮನುಷ್ಯನಿಗೆ ಮೂರು ಹೆಸರು ಇರುವುದು ಸಹಜ. ಊರಲ್ಲಿ ಯಾರಿಗೂ ತೊಂದರೆ ಇಲ್ಲ. ಕಾಗದ ನೋಡುವ ಹವಾಲ್ದಾರನಿಗೆ ಅವು ಮೂರು ಬೇರೆ ಬೇರೆ ಜನ.

ಸೇನೆ ಹಿಡಿಯುವುದು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡನ್ನು. ಹೆಸರು, ಅಪ್ಪ-ಅವ್ವನ ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಅದರಲ್ಲಿದ್ದಂತೆ ಉಳಿದ ಕಡೆ ಇರಬೇಕು. ಆಧಾರ್ ತಿದ್ದಿಸಲು, ತಹಶೀಲ್ದಾರ್ ಕಚೇರಿಯಿಂದ ಪ್ರಮಾಣಪತ್ರ ತರಿಸಲು ವಾರಗಳೇ ಹಿಡಿಯುತ್ತವೆ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ವಾಸಸ್ಥಳ, ಜಾತಿ, ನಡತೆ, ಅವಿವಾಹಿತ ಪ್ರಮಾಣಪತ್ರ, ನೋಟರಿ ಮಾಡಿಸಿದ ಅಫಿಡವಿಟ್, ಫೋಟೋ, ಎಲ್ಲ ಮೂಲ ಪ್ರತಿ, ಜೊತೆಗೆ ಜೆರಾಕ್ಸ್. ನಡತೆ ಮತ್ತು ಅವಿವಾಹಿತ ಪ್ರಮಾಣಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಅವೆರಡನ್ನು ಮಾತ್ರ ರ‍್ಯಾಲಿ ಹತ್ತಿರ ಬಂದಾಗ ಮಾಡಿಸಿ.

ಪರೀಕ್ಷೆ ಮತ್ತು ಗ್ರೌಂಡ್

ಅರ್ಜಿ ಹಾಕುವುದು ಸೇನೆಯ ‘ಜಾಯಿನ್ ಇಂಡಿಯನ್ ಆರ್ಮಿ’ ಜಾಲತಾಣದಲ್ಲಿ. ಶುಲ್ಕ 250 ರೂಪಾಯಿ. ಪರೀಕ್ಷೆಯ ಖರ್ಚಿನ ಉಳಿದ ಅರ್ಧವನ್ನು ಸೇನೆಯೇ ಕೊಡುತ್ತದೆ. ಇದರ ಆಚೆಗೆ ಒಂದು ರೂಪಾಯಿಯೂ ಇಲ್ಲ. ‘ಅಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಡು’ ಅನ್ನುವವನು ಕೈಕೊಡುತ್ತಾನೆ. ಉತ್ತರ ನೋಡುವುದು ಕಂಪ್ಯೂಟರ್, ಓಟ ನೋಡುವುದು ಎಲ್ಲರ ಕಣ್ಣೆದುರಿನ ಗಡಿಯಾರ. ಅಲ್ಲಿ ಏಜೆಂಟ್ ಏನು ಮಾಡಿಯಾನು? ಹುಡುಗ ತನ್ನ ಶಕ್ತಿಯಿಂದಲೇ ಪಾಸಾದರೆ ದುಡ್ಡು ಇಟ್ಟುಕೊಳ್ಳುತ್ತಾನೆ, ಫೇಲಾದರೆ ಫೋನ್ ಎತ್ತುವುದಿಲ್ಲ.

ಜಿ.ಡಿ. ಪರೀಕ್ಷೆ ಒಂದು ಗಂಟೆ, 50 ಪ್ರಶ್ನೆ, 100 ಅಂಕ. ಸಾಮಾನ್ಯ ಜ್ಞಾನ, ವಿಜ್ಞಾನ, ಗಣಿತ, ಸ್ವಲ್ಪ ತರ್ಕ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಟ್. ಪಾಸಾಗಲು 35 ಸಾಕು, ಆದರೆ ಪಾಸಾದವರೆಲ್ಲ ರ‍್ಯಾಲಿಗೆ ಹೋಗುವುದಿಲ್ಲ. ಮೇಲಿನಿಂದ ಲೆಕ್ಕ ಹಾಕಿ ಬೇಕಾದಷ್ಟು ಜನರನ್ನು ಮಾತ್ರ ಕರೆಯುತ್ತಾರೆ. ಅದಕ್ಕೇ ಈಗ ಓಟಗಾರರು ಗ್ರೌಂಡ್ ನೋಡದೆಯೇ ಮನೆಯಲ್ಲಿ ಉಳಿಯುತ್ತಿದ್ದಾರೆ. ಒಳ್ಳೆಯ ಸುದ್ದಿ ಏನೆಂದರೆ 2025ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಒಟ್ಟು 13 ಭಾಷೆಗಳಿವೆ. ಕನ್ನಡ ಮಾಧ್ಯಮದ ಹುಡುಗನಿಗೆ ಇದು ದೊಡ್ಡ ಅನುಕೂಲ. ಎಂಟು, ಒಂಬತ್ತು, ಹತ್ತರ ಗಣಿತ ಮತ್ತು ವಿಜ್ಞಾನದ ಪುಸ್ತಕ ಮತ್ತೆ ತೆಗೆಯಿರಿ. ಸಾವಿರಾರು ರೂಪಾಯಿ ಅಕಾಡೆಮಿಗೆ ಕೊಡುವ ಮುಂಚೆ ಅದನ್ನು ಮಾಡಿದರೆ ಒಳ್ಳೆಯದು.

ಗ್ರೌಂಡ್‌ನಲ್ಲಿ 1.6 ಕಿ.ಮೀ. ಓಟ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ 60 ಅಂಕ, ಅಂದರೆ ಒಂದು ಸುತ್ತಿಗೆ 82 ಸೆಕೆಂಡ್ ಲೆಕ್ಕ. 5:45ರೊಳಗೆ ಬಂದರೆ 48. 2025ರ ಭರ್ತಿಯಲ್ಲಿ 6:15ರವರೆಗೂ ಇನ್ನೂ ಕಡಿಮೆ ಅಂಕದ ಗುಂಪುಗಳನ್ನು ಸೇರಿಸಿದರು. ಹಳ್ಳಿ ಹುಡುಗರು ಮಾಡುವ ತಪ್ಪು ಮೊದಲ ಸುತ್ತಿನಲ್ಲೇ ಆಗುತ್ತದೆ. ಗುಂಪಿನ ನೂಕಾಟದಲ್ಲಿ ಜೀವ ಬಿಟ್ಟು ಓಡಿ, ಮೂರನೇ ಸುತ್ತಿಗೆ ಬಾಯಿ ಬಿಡುತ್ತಾರೆ. ರಸ್ತೆ ಮೇಲೆ ಒಬ್ಬನೇ ಓಡಿದವನಿಗೆ ಗುಂಪಿನಲ್ಲಿ ಓಡುವುದು ಗೊತ್ತಿರುವುದಿಲ್ಲ. ಐದಾರು ಗೆಳೆಯರು ಸೇರಿ, ಸುತ್ತು ಲೆಕ್ಕ ಹಾಕಿ, ಗಡಿಯಾರ ಹಿಡಿದು ಓಡಿ ನೋಡಿ.

ಆಮೇಲೆ ಬೀಮ್, ಅಂದರೆ ಅಡ್ಡ ಕಂಬಿ ಹಿಡಿದು ಮೈಯನ್ನು ಮೇಲೆ ಎಳೆಯುವುದು. 10 ಸಲ ಎಳೆದರೆ 40 ಅಂಕ, 6ಕ್ಕಿಂತ ಕಡಿಮೆಯಾದರೆ ಹೊರಗೆ. ಒಂಬತ್ತು ಅಡಿ ಹಳ್ಳ ಹಾರುವುದು, ಸೊಟ್ಟ ಹಲಗೆಯ ಮೇಲೆ ನಡೆಯುವುದು ಪಾಸಾದರೆ ಸಾಕು. ಮೊಬೈಲಿನಲ್ಲೇ ಉತ್ತರ ಕೊಡುವ ಅಡಾಪ್ಟಬಿಲಿಟಿ ಟೆಸ್ಟ್ ಅಂತ ಒಂದು ಸೇರಿದೆ, ಸೇನೆಯ ಬದುಕಿಗೆ ಹೊಂದಿಕೊಳ್ಳುತ್ತೀರಾ ಅಂತ ನೋಡಲು. ಚಾರ್ಜ್ ಮಾಡಿದ ಫೋನ್ ಜೊತೆಗಿರಲಿ. ಶಕ್ತಿ ಬರುತ್ತದೆ ಅಂತ ಯಾರೋ ಕೊಟ್ಟ ಗುಳಿಗೆ, ಇಂಜೆಕ್ಷನ್ ಮಾತ್ರ ಬೇಡ. ಸಿಕ್ಕಿಬಿದ್ದರೆ ಆಯ್ಕೆ ಹೋಗುತ್ತದೆ, ಸಿಕ್ಕಿಬೀಳದಿದ್ದರೆ ಆರೋಗ್ಯ ಹೋಗುತ್ತದೆ.

ಎಲ್ಲ ಅಂಕ ಸೇರಿಸಿ ಮೆರಿಟ್ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರು ಬಂದವನೂ ಇನ್ನೂ ಸೈನಿಕ ಅಲ್ಲ. 1950ರ ಸೇನಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನೇಮಕಾತಿ ಅಧಿಕಾರಿ ಸೇವೆಯ ಷರತ್ತುಗಳನ್ನು ಓದಿ, ಅರ್ಥ ಮಾಡಿಸಬೇಕು. ಪ್ರಶ್ನೆ ಕೇಳಬೇಕು. ಸುಳ್ಳು ಹೇಳಿದರೆ ಶಿಕ್ಷೆ ಇದೆ ಅಂತ ಎಚ್ಚರಿಸಬೇಕು. ಆಮೇಲೆ ಸಹಿ. ಆ ಸಹಿ ಬೀಳುವವರೆಗೆ ಬರುವುದೂ ಬಿಡುವುದೂ ನಿಮ್ಮ ಇಷ್ಟ. ಬಿದ್ದ ಮೇಲೆ ಇಷ್ಟದ ಮಾತಿಲ್ಲ. ನಕಲಿ ಮಾರ್ಕ್ಸ್‌ಕಾರ್ಡ್ ಕೊಟ್ಟದ್ದು, ಕೇಸ್ ಇದ್ದದ್ದನ್ನು ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಐದು ವರ್ಷದವರೆಗೆ ಜೈಲು ಆಗಬಹುದು. ಹುಡುಗನಿಗೆ 18 ತುಂಬಿರದಿದ್ದರೆ ಅಪ್ಪ-ಅವ್ವನ ಸಹಿಯೂ ಬೇಕು. ಅಲ್ಲಿ ಓದಿ ಹೇಳುವ ಷರತ್ತನ್ನು ಕಿವಿಗೊಟ್ಟು ಕೇಳುವವರು ಕಡಿಮೆ, ಖುಷಿಯಲ್ಲಿ ತಲೆಯಾಡಿಸುತ್ತಾರೆ. ಬೆಳಗಾವಿಯಲ್ಲಿ ಆಯ್ಕೆಯಾದವನಿಗೆ ಬೆಳಗಾವಿಯಲ್ಲೇ ತರಬೇತಿ ಅಂತಲೂ ಇಲ್ಲ. ತೋಪುದಳ ಸಿಕ್ಕರೆ ನಾಸಿಕ್, ಇಂಜಿನಿಯರ್ ದಳ ಸಿಕ್ಕರೆ ಬೆಂಗಳೂರು, ಎಲ್ಲಿ ಬೇಕೋ ಅಲ್ಲಿಗೆ ಕಳಿಸುತ್ತಾರೆ.

ದುಡ್ಡಿನ ಲೆಕ್ಕವನ್ನೂ ಸರಿಯಾಗಿ ತಿಳಿದಿರಬೇಕು. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 30 ಪರ್ಸೆಂಟ್ ಹಿಡಿಯುತ್ತಾರೆ, ಕೈಗೆ 21,000. ನಾಲ್ಕನೇ ವರ್ಷ 40,000, ಕೈಗೆ 28,000. ಹಿಡಿದ ದುಡ್ಡು ನಾಲ್ಕು ವರ್ಷಕ್ಕೆ 5.02 ಲಕ್ಷ ಆಗುತ್ತದೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ಬಡ್ಡಿ ಸೇರಿ ಸುಮಾರು 11.71 ಲಕ್ಷ ‘ಸೇವಾ ನಿಧಿ’ ಅಂತ ಯೋಜನೆ ಘೋಷಿಸಿದಾಗ ಹೇಳಿದ್ದರು. ತೆರಿಗೆ ಇಲ್ಲ. 48 ಲಕ್ಷದ ವಿಮೆ ಇದೆ, ಅದಕ್ಕೆ ಸಂಬಳದಿಂದ ಏನೂ ಹಿಡಿಯುವುದಿಲ್ಲ. ಪೆನ್ಶನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ನಾಲ್ಕು ವರ್ಷ ಮುಗಿದಾಗ 25 ಪರ್ಸೆಂಟ್‌ವರೆಗೆ ಜನರನ್ನು ಉಳಿಸಿಕೊಳ್ಳುತ್ತಾರೆ, ಅವರಿಗೆ ಕನಿಷ್ಠ 15 ವರ್ಷದ ಸೇವೆ. ಉಳಿದವರಿಗೆ ಕೇಂದ್ರದ ಅರೆಸೇನಾ ಪಡೆಗಳಲ್ಲಿ 10 ಪರ್ಸೆಂಟ್ ಮೀಸಲಾತಿ ಘೋಷಿಸಿದ್ದರು. ಅಣ್ಣನೋ ಮಾವನೋ ಹದಿನೇಳು ವರ್ಷ ಸೇವೆ ಮಾಡಿ ಪೆನ್ಶನ್ ತಂದ ಹಾಗೆ ನಾನೂ ತರುತ್ತೇನೆ ಅಂತ ಲೆಕ್ಕ ಹಾಕಿ ಹೋಗುವಂತಿಲ್ಲ. ಹೋಗಬೇಡಿ ಅಂತ ಹೇಳುತ್ತಿಲ್ಲ. ತಿಳಿದು ಹೋಗಿ ಅಂತಷ್ಟೇ.

ಹುಡುಗಿಯರಿಗೆ ಸಿಪಾಯಿ ಮಟ್ಟದಲ್ಲಿ ಬಾಗಿಲು ತೆರೆದಿರುವುದು ಮಿಲಿಟರಿ ಪೊಲೀಸ್ ದಳಕ್ಕೆ. 2019ರಲ್ಲಿ ಆ ಭರ್ತಿ ಶುರುವಾದಾಗ ಬೆಳಗಾವಿಯಲ್ಲೂ ರ‍್ಯಾಲಿ ನಡೆದಿತ್ತು. ಎತ್ತರ 162 ಸೆಂ.ಮೀ., ಅದೇ 1.6 ಕಿ.ಮೀ. ಓಟವನ್ನು 7 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಹೆಚ್ಚು ಅಂಕದ ಮೊದಲ ಗುಂಪು.

ವಯಸ್ಸು ದಾಟಿದವರಿಗೆ ಟೆರಿಟೋರಿಯಲ್ ಆರ್ಮಿ ಇದೆ. 18ರಿಂದ 42ರವರೆಗೆ ಸೇರಬಹುದು. ಬೇರೆ ದುಡಿಮೆ ಇರುವವರು ವರ್ಷಕ್ಕೆ ಇಷ್ಟು ದಿನ ಅಂತ ತರಬೇತಿಗೆ ಹೋಗಬೇಕು, ದೇಶಕ್ಕೆ ಬೇಕಾದಾಗ ಕರೆದ ಕಡೆ ಹಾಜರಾಗಬೇಕು. 2024ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಇದರ ರ‍್ಯಾಲಿ ನಡೆದಾಗ ಬೇರೆ ರಾಜ್ಯಗಳಿಂದಲೂ ಸಾವಿರಾರು ಜನ ಬಂದಿದ್ದರು. ಇದಕ್ಕೆ ದಿನಾಂಕ ಗೊತ್ತಾಗುವುದು ರ‍್ಯಾಲಿಗೆ ಸ್ವಲ್ಪ ಮುಂಚೆ, ಪತ್ರಿಕೆಯಲ್ಲಿ. ಆದ್ದರಿಂದ ಕಾಗದಪತ್ರ ತಯಾರಿಟ್ಟುಕೊಂಡವರಿಗೇ ಅವಕಾಶ ಜಾಸ್ತಿ. ಓಟ ಅದೇ 1.6 ಕಿ.ಮೀ., ಬೀಮ್ ಅದೇ, ಮೆಡಿಕಲ್ ಕೂಡ ಅಷ್ಟೇ ಬಿಗಿ.